ನಿಲ್ಲಿಸಿಟ್ಟ ದಿಂಬು

"ಹಾಗಲ್ಲ ಆಂಟಿ. ದಿಂಬು ಮಲಗಿರಲಿಲ್ಲ, ನಿಂತಿತ್ತು."

ಕೆಳಮಂಚದ ಮೇಲೆ ಬಗ್ಗಿ ಬೆಡ್‌ಶೀಟು ಮಡಚುತ್ತಿದ್ದ ಪತ್ತೇದಾರಿಣಿ ಥಟ್ಟನೆ ತಲೆಯೆತ್ತಿದಳು. ಎತ್ತಿದ ರಭಸಕ್ಕೆ ಮೇಲ್ಮಂಚದ ಕಬ್ಬಿಣದ ಅಂಚು ಠಣ್ಣೆಂದು ನೆತ್ತಿಗೆ ಬಡಿಯಿತು. ಈ ಹಾಸ್ಟೆಲಿಗೆ ಬಂದಾಗಿನಿಂದ ಆ ಕಬ್ಬಿಣಕ್ಕೂ ಅವಳ ತಲೆಗೂ ಅದೇನು ನಂಟೋ, ದಿನಕ್ಕೊಮ್ಮೆ ಭೇಟಿಯಾಗದಿದ್ದರೆ ಎರಡಕ್ಕೂ ಸಮಾಧಾನವಿಲ್ಲ.

"ನಿಂತಿತ್ತು ಅಂದ್ರೆ?" ನೆತ್ತಿ ಉಜ್ಜಿಕೊಳ್ಳುತ್ತ ಕೇಳಿದಳು.

"ನಿಂತಿತ್ತು ಅಂದ್ರೆ ನಿಂತಿತ್ತು. ಗೋಡೆಗೆ ಒರಗಿಸಿ ಯಾರೋ ಕೂರಿಸಿದ ಹಾಗೆ. ಸರೀರಿ, ನಾನೇ ಮಾಡಿ ತೋರಿಸ್ತೀನಿ."

ಹಾಗೆಂದವಳು ಕಿಟಕಿಯವಳು. ಪ್ರವಾಸಿಗರು ಬಂದು ತಂಗಿ ಹೋಗುವ ಇಂಥ ಜಾಗಗಳಲ್ಲಿ ಜನಕ್ಕೆ ಹೆಸರಿಗಿಂತ ಮಂಚವೇ ಗುರುತು. ಕಿಟಕಿ ಪಕ್ಕದಲ್ಲಿ ಮಲಗುವವಳು ಕಿಟಕಿಯವಳು, ಬಾಗಿಲ ಪಕ್ಕದವನು ಬಾಗಿಲಿನವನು. ಸತ್ತುಹೋದ ಹುಡುಗಿಗೆ ಮಾತ್ರ ಮಂಚದ ಹೆಸರಿರಲಿಲ್ಲ. ಅವಳು ಬಂದ ದಿನವೇ, "ನಮ್ಮಪ್ಪ ನನ್ನ ಬಿರುಗಾಳಿ ಅಂತಾರೆ, ನೀವೂ ಹಾಗೇ ಕರೀರಿ" ಎಂದಿದ್ದಳಂತೆ. ಹೇಳಿ ಮುಗಿಸುವಷ್ಟರಲ್ಲಿ ಅವಳ ಬ್ಯಾಗಿನೊಳಗಿನದೆಲ್ಲ ನೆಲದ ಮೇಲೆ ಹರಡಿ, ಕೋಣೆಯವರಿಗೆಲ್ಲ ಆ ಹೆಸರು ಒಪ್ಪಿಗೆಯಾಗಿತ್ತು.

ಕಳೆದ ವಾರ ಒಂದು ಮುಂಜಾನೆ ಅವಳು ಹಾಸ್ಟೆಲಿನ ತಾರಸಿಯಿಂದ ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಬಿದ್ದು ಸತ್ತಳು. ಹಾಸಿಗೆ ಮಡಚಿಟ್ಟು ಹೋಗಿದ್ದಾಳೆ, ಬೇಕೆಂದೇ ಹಾರಿಕೊಂಡಿದ್ದಾಳೆ ಎಂದು ಪೊಲೀಸರು ಕೈತೊಳೆದುಕೊಂಡಿದ್ದರು. ಅದು ನಿಜವೇ ಎಂದು ತಿಳಿಯಲು ಅವಳ ಅಪ್ಪ ಪತ್ತೇದಾರಿಣಿಗೆ ಕೇಸು ಒಪ್ಪಿಸಿದ್ದ.

ಕಿಟಕಿಯವಳು ಬೆಡ್‌ಶೀಟನ್ನು ಉದ್ದಕ್ಕೆ ಮಡಚಿ, ಮತ್ತೆ ಉದ್ದಕ್ಕೆ ಮಡಚಿ, ಅಗಲವಾದ ಪಟ್ಟಿಯಂತೆ ಮಾಡಿದಳು. ಆ ಪಟ್ಟಿಯನ್ನು ಕಾಲಿನ ಕಡೆ ಅಡ್ಡಲಾಗಿ ಇಟ್ಟಳು. ಹೊದಿಕೆಯನ್ನು ಬಿಗಿಯಾಗಿ ಸುತ್ತಿ ಅದರ ಮೇಲಿಟ್ಟಳು. ಕೊನೆಗೆ ದಿಂಬನ್ನು ತಲೆಯ ಕಡೆ ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ, ಹಿಂದೆ ಸರಿದು ನೋಡಿದಳು.

"ಇದೇ ಆಂಟಿ. ಅವತ್ತು ಬೆಳಗ್ಗೆ ಅವಳ ಮಂಚ ಹೀಗೇ ಇತ್ತು." ಅವಳ ಕಣ್ಣು ತುಂಬಿಕೊಂಡಿತು.

ಪತ್ತೇದಾರಿಣಿ ನೋಡುತ್ತ ನಿಂತಳು. ಹಾಸ್ಟೆಲು ಬಿಟ್ಟು ಹೋಗುವವರು ಹಾಸಿಗೆ ಮಡಚುವುದಿಲ್ಲ. ಬೆಡ್‌ಶೀಟು, ದಿಂಬಿನ ಚೀಲ ಎರಡನ್ನೂ ಕಿತ್ತು ಮೆಟ್ಟಿಲ ಬಳಿಯ ಒಗೆಯುವ ಬುಟ್ಟಿಗೆ ತುರುಕಿ ಹೋಗುತ್ತಾರೆ. ಅದು ಇಲ್ಲಿಯ ರೂಢಿ, ಯಾವ ಊರಿನ ಹಾಸ್ಟೆಲಿಗೆ ಹೋದರೂ ಅದೇ ರೂಢಿ. ಬರಿ ಹಾಸಿಗೆ ಕಂಡರೆ ಮಿಕ್ಕವರು, ಓ, ಹೋದಳು ಎಂದುಕೊಳ್ಳುತ್ತಾರೆ. ಆದರೆ ಇದು ಕಿತ್ತ ಹಾಸಿಗೆಯಲ್ಲ. ಯಾರೋ ಶ್ರದ್ಧೆಯಿಂದ, ತಿದ್ದಿ ತೀಡಿ ಮಡಚಿದ ಹಾಸಿಗೆ.

"ಅವಳು ದಿನಾ ಹೀಗೆ ಮಡಚ್ತಿದ್ಲಾ?"

"ಅವಳಾ?" ಕಿಟಕಿಯವಳು ಅಳುವಿನ ನಡುವೆಯೇ ನಕ್ಕಳು. "ಅವಳ ಹಾಸಿಗೇಲಿ ಬಾಚಣಿಗೆ, ಬಿಸ್ಕತ್ತು, ಒದ್ದೆ ಟವೆಲು ಎಲ್ಲ ಒಟ್ಟಿಗೇ ಮಲಗ್ತಿದ್ವು. ಅದಕ್ಕೇ ಅಲ್ವಾ ನಮಗೆ ಎದೆ ಒಡೆದಿದ್ದು! ಯಾವತ್ತೂ ಮಡಚದವಳು ಅವತ್ತು ಇಷ್ಟು ನೀಟಾಗಿ ಮಡಚಿಟ್ಟು ಹೋಗಿದ್ದಾಳೆ ಅಂದ್ರೆ, ವಾಪಸ್ ಬರಲ್ಲ ಅಂತ ತೀರ್ಮಾನ ಮಾಡಿಯೇ ಹೋದ್ಲು ಅಂತ ಪೊಲೀಸರಿಗೂ ನಾವೇ ಹೇಳಿದ್ವಿ."

ಹೇಳಿದವರಲ್ಲಿ ಈಗ ಉಳಿದಿದ್ದವಳು ಇವಳೊಬ್ಬಳೇ. ಪತ್ತೇದಾರಿಣಿಯ ಈ ವಯಸ್ಸಿಗೆ, ಈ ಮಂಡಿನೋವಿಗೆ ಮೇಲ್ಮಂಚ ಹತ್ತಿ ಮಲಗಬೇಕಾಗಿ ಬಂದದ್ದೇ ಆ ಕಾರಣಕ್ಕೆ. ಬೇರೆ ಕೇಸುಗಳಲ್ಲಿ ಸಾಕ್ಷಿಗಳು ಸುಳ್ಳು ಹೇಳುತ್ತಾರೆ, ತಲೆಮರೆಸಿಕೊಳ್ಳುತ್ತಾರೆ. ಇಲ್ಲಿ ಹಾಗೇನಿಲ್ಲ, ಬಾಯ್ತುಂಬ ನಕ್ಕು, ಅಪ್ಪಿಕೊಂಡು, ಬಸ್ಸು ಹತ್ತಿ ಹೊರಟುಬಿಡುತ್ತಾರೆ. ಒಬ್ಬರ ನಿದ್ದೆಗಣ್ಣಿನ ಮಾತೂ ಇನ್ನೊಬ್ಬರಿಗೆ ಗೊತ್ತು, ಊರು ಯಾವುದೆಂದು ಮಾತ್ರ ಗೊತ್ತಿಲ್ಲ. ಕಿಟಕಿಯವಳ ಬ್ಯಾಗೂ ಆಗಲೇ ಬಾಗಿಲ ಹೊರಗೆ ತಯಾರಾಗಿ ನಿಂತಿತ್ತು.

"ಹಿಂದಿನ ದಿನ ಸಂಜೆಯಿಂದ ಇನ್ನೊಂದ್ಸಲ ಹೇಳಮ್ಮ. ನಿಧಾನಕ್ಕೆ."

"ಬೆಟ್ಟದ ರಸ್ತೆ ಕುಸಿದು ಬಸ್ಸು ನಿಂತಿತ್ತು, ನಡೆದು ದಾಟೋರು ಬಿಟ್ರೆ ಯಾರೂ ಊರು ಬಿಡೋ ಹಾಗಿರಲಿಲ್ಲ, ಬರೋ ಹಾಗೂ ಇರಲಿಲ್ಲ. ಹಾಸ್ಟೆಲ್ ಗಿಜಿಗಿಜಿ ಅಂತಿತ್ತು, ಒಂದು ಮಂಚಾನೂ ಖಾಲಿ ಇಲ್ಲ. ನಾವೆಲ್ಲ ಕೆಳಗಿನ ಹಾಲ್‌ನಲ್ಲಿ ಸಿನಿಮಾ ನೋಡ್ತಿದ್ವಿ. ಅವಳು ಫೋನ್ ಬಂತು ಅಂತ ಮಧ್ಯದಲ್ಲೇ ಎದ್ದು ಹೋದ್ಲು. ನಾವು ಮೇಲೆ ಬಂದಾಗ ಅವಳ ಮಂಚದ ಪರದೆ ಎಳೆದಿತ್ತು."

"ಪರದೆ ಸರಿಸಿ ನೋಡಲಿಲ್ವಾ?"

ಕಿಟಕಿಯವಳು ಪತ್ತೇದಾರಿಣಿಯನ್ನು ವಿಚಿತ್ರವಾಗಿ ನೋಡಿದಳು. "ಎಳೆದ ಪರದೇನ ಯಾರಾದ್ರೂ ಸರಿಸ್ತಾರಾ ಆಂಟಿ? ಇಲ್ಲಿ ನಮಗೆ ಅಂತ ಇರೋ ಗೋಡೆ ಅದೊಂದೇ."

ಆಮೇಲೆ ಅವಳು ಮಡಚಿಟ್ಟ ಬೆಡ್‌ಶೀಟಿನ ಅಂಚನ್ನು ಮತ್ತೆ ಮತ್ತೆ ತಿದ್ದತೊಡಗಿದಳು. ಏನೋ ಹೇಳಬೇಕು, ಬಾಯಿ ಬರುತ್ತಿಲ್ಲ.

"ಹೇಳು."

"ಅವತ್ತು ಅವಳು ಗೊರಕೆ ಹೊಡೀತಿದ್ಲು. ಯಾವತ್ತೂ ಹೊಡೆದವಳಲ್ಲ. ಇಲ್ಲಿ ಯಾರಾದ್ರೂ ಗೊರಕೆ ಹೊಡೆದ್ರೆ ಸಾಕ್ಸ್ ಎಸೆಯೋದು ನಮ್ಮ ಕೋಣೆ ಕಾನೂನು. ನಾನೂ ಎಸೆದೆ. ಗೊರಕೆ ನಿಲ್ತು." ಅವಳ ದನಿ ಒಡೆಯಿತು. "ಅವಳಿಗೆ ನಾನು ಕೊನೇದಾಗಿ ಮಾಡಿದ್ದು ಅದು. ಸಾಕ್ಸ್ ಎಸೆದಿದ್ದು. ಅವಳೊಳಗೆ ಏನು ನಡೀತಿತ್ತೋ, ನಾನು ಹೋಗಿ ಏನಾಯ್ತೇ ಅಂತ ಕೇಳೋದು ಬಿಟ್ಟು ಸಾಕ್ಸ್ ಎಸೆದೆ."

ಪತ್ತೇದಾರಿಣಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಹುಡುಗಿಯ ಬೆನ್ನು ಸವರುತ್ತಿದ್ದರೂ ಅವಳ ಕಣ್ಣು ಮಾತ್ರ ಆ ನಿಂತ ದಿಂಬಿನ ಮೇಲೇ ಇತ್ತು. ಮಡಚದವಳು ಮಡಚಿದಳು, ಗೊರಕೆ ಹೊಡೆಯದವಳು ಹೊಡೆದಳು. ಸಾಯುವ ಹಿಂದಿನ ದಿನ ಮನುಷ್ಯ ಬದಲಾಗುತ್ತಾನೆ ನಿಜ, ಆದರೆ ಇಷ್ಟೊಂದಾ?

* * *

ತಾರಸಿಗೆ ಹೋಗುವ ಬಾಗಿಲಿಗೆ ಬೀಗ ಹಾಕಿತ್ತು. ಕೀಲಿ ಕೇಳಿದಾಗ ಮ್ಯಾನೇಜರ್ ಕೊಟ್ಟನಾದರೂ ಹಿಂದೆಯೇ ಬಂದು ಮೆಟ್ಟಿಲ ಮೇಲೆ ನಿಂತುಕೊಂಡ. ಎಲುಬು ಚಕ್ಕಳದ ಮನುಷ್ಯ. ಒಂದು ವಾರಕ್ಕೆಂದು ಪ್ರವಾಸ ಬಂದವನು ಇಲ್ಲೇ ಬೇರುಬಿಟ್ಟು, ಕೊನೆಗೆ ಇದೇ ಹಾಸ್ಟೆಲು ನೋಡಿಕೊಳ್ಳುವ ಕೆಲಸ ಹಿಡಿದವನು. ಮಾತಿಗೊಂದು ತಮಾಷೆ ಮಾಡುತ್ತಿದ್ದವನ ಮುಖದಲ್ಲಿ ಒಂದು ವಾರದಿಂದ ನಗು ಸತ್ತಿತ್ತು.

ತಾರಸಿಯ ತುಂಬ ಬಟ್ಟೆ ಒಣಹಾಕುವ ಹಗ್ಗಗಳು. ಹಿತ್ತಲಿನ ಕಡೆ ಕಬ್ಬಿಣದ ಕಂಬಿ. ಪತ್ತೇದಾರಿಣಿ ಕಂಬಿಯ ಉದ್ದಕ್ಕೂ ಕೈಯಾಡಿಸುತ್ತ ನಡೆದಳು. ತುಕ್ಕು ಹುಡಿಹುಡಿಯಾಗಿ ಅಂಗೈಗೆ ಅಂಟಿತು. ಮೂಲೆಯಲ್ಲಿ ಅವಳ ಕೈ ನಿಂತಿತು. ಅಲ್ಲಿ ಕಂಬಿಯನ್ನು ಕಂಬಕ್ಕೆ ತಂತಿಯಿಂದ ಬಿಗಿದಿತ್ತು. ಕಂಬಿ ತುಕ್ಕು ಹಿಡಿದದ್ದು, ತಂತಿ ಹೊಸದು. ಮಳೆಗೆ ಒಂದೇ ಒಂದು ಸಲವೂ ನೆನೆಯದಷ್ಟು ಹೊಸದು.

ಹಗ್ಗದ ಕೊನೆಯಲ್ಲಿ ಒಂದು ಜೊತೆ ಹಳದಿ ಕಾಲುಚೀಲ ಕ್ಲಿಪ್ಪಿಗೆ ಸಿಕ್ಕಿಕೊಂಡು ತೂಗುತ್ತಿತ್ತು. ಬಿಸಿಲಿಗೆ ಒಣಗಿ ಕಟ್ಟಿಗೆಯ ಹಾಗಾಗಿತ್ತು.

"ಇವು ಯಾರದ್ದು?"

ಮ್ಯಾನೇಜರ್ ಮುಖ ಪಕ್ಕಕ್ಕೆ ತಿರುಗಿಸಿದ. ಅವನು ಹೇಳಬೇಕಾಗಿಯೂ ಇರಲಿಲ್ಲ. ಆ ಹಳದಿ ಕಾಲುಚೀಲ ತೊಟ್ಟ ಬಿರುಗಾಳಿಯ ಫೋಟೋವನ್ನು ಅವಳ ಅಪ್ಪ ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದ.

ಸಾಯಹೊರಟವಳು ನಾಳೆಗೆಂದು ಕಾಲುಚೀಲ ಒಗೆಯುತ್ತಾಳೆಯೇ? ಪತ್ತೇದಾರಿಣಿ ಅವನ್ನು ಬಿಡಿಸಿ ಕೈಯಲ್ಲಿ ಹಿಡಿದು ಕೆಳಗಿಳಿದಳು. ಕೋಣೆಗೆ ಹೋಗಲಿಲ್ಲ. ನೇರ ಹೋದದ್ದು ಅಡುಗೆಕೋಣೆಯ ಪಕ್ಕದ ಮರೆತವರ ಕಪಾಟಿಗೆ. ಪ್ರವಾಸಿಗರು ಬಿಟ್ಟುಹೋದ ಛತ್ರಿ, ಚಾರ್ಜರು, ಒಂಟಿ ಚಪ್ಪಲಿಗಳೆಲ್ಲ ಬಂದು ಸೇರುವ ಕಪಾಟದು. ಏನನ್ನಾದರೂ ಮುಚ್ಚಿಡಬೇಕೆಂದರೆ ಹಾಸ್ಟೆಲಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಅಲ್ಲಿಗೆ ಹೋದದ್ದು ಯಾರದ್ದೂ ಅಲ್ಲ.

"ಮೇಡಂ, ಅಲ್ಲಿ ಬರೀ ಗುಜರಿ ಇದೆ," ಮ್ಯಾನೇಜರ್ ಅಡ್ಡ ಬಂದ.

"ಗುಜರಿ ಅಂದ್ರೆ ನನಗೆ ಪ್ರಾಣ. ಸರಿ ಪಕ್ಕಕ್ಕೆ."

ಕೆಳಗಿನ ಅರೆಯಲ್ಲಿ, ಛತ್ರಿಗಳ ಹಿಂದೆ, ಒಂದು ರಗ್ಗು. ರಗ್ಗಿನೊಳಗೆ ಸುತ್ತಿಟ್ಟ ಒಂದು ಬೂದುಬಣ್ಣದ ಅಂಗಿ. ಅಂಗಿಯ ತೋಳು ಕತ್ತರಿಸಿ, ಸುತ್ತ ಹೊಲಿದು, ದಿಂಬಿನ ಚೀಲ ಮಾಡಿತ್ತು. ಒಳಗೆ ತುಂಬಿದ್ದು ಸ್ವೆಟರುಗಳು. ಎದೆಯ ಮೇಲಿನ ಜೇಬು ಹಾಗೇ ಇತ್ತು, ಜೇಬಿನ ಗುಂಡಿಯೂ ಇತ್ತು.

ಅಪ್ಪ ಹೇಳಿದ್ದ ಅಂಗಿ ಅದೇ. ಬಸ್ ಡ್ರೈವರಾಗಿದ್ದವನು ನಿವೃತ್ತನಾದ ದಿನ ಬಿಚ್ಚಿಟ್ಟ ಸಮವಸ್ತ್ರ. "ಕಂಡವರ ದಿಂಬಿನ ಮೇಲೆ ನಿದ್ದೆ ಬರಲ್ಲಪ್ಪ ಅಂತ ನನ್ನ ಅಂಗೀನ ದಿಂಬು ಮಾಡ್ಕೊಂಡು ಹೋದ್ಲು ಮೇಡಂ. ಪೊಲೀಸರು ಕೊಟ್ಟ ಸಾಮಾನಲ್ಲಿ ಅದೊಂದು ಇಲ್ಲ. ಹೇಗಾದ್ರೂ ಹುಡುಕಿಕೊಡಿ" ಎಂದು ಗೋಗರೆದಿದ್ದ.

ಪತ್ತೇದಾರಿಣಿ ಅಡುಗೆಕೋಣೆಯ ಮೇಜಿನ ಮೇಲೆ ದಿಂಬನ್ನಿಟ್ಟು, ಅದರ ಮೇಲೆ ಕಾಲುಚೀಲವನ್ನಿಟ್ಟಳು. ಕುರ್ಚಿ ಎಳೆದು ಕುಳಿತಳು.

"ಕೂತ್ಕೋ."

"ಮೇಡಂ, ಒಲೆ ಮೇಲೆ ಹಾಲಿಟ್ಟಿದೀನಿ..."

"ಹಾಲು ಉಕ್ಕಿದ್ರೆ ಒರೆಸಬಹುದು. ಕೂತ್ಕೋ."

ಅವನು ಕುಳಿತ. ಕೂತದ್ದೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಆ ಕಂಬಿ ಯಾವಾಗಿಂದ ಸಡಿಲ ಇತ್ತು?"

"ಮಳೆಗಾಲದಿಂದ. ಮಾಲೀಕರಿಗೆ ಹೇಳ್ತಾನೇ ಬಂದೆ. ಅವರು ನೋಡೋಣ, ನೋಡೋಣ ಅಂದ್ರು. ಅದಕ್ಕೇ ಬೀಗ ಹಾಕಿದ್ದು, ದೇವರಾಣೆ."

"ಹಾಕಿದ ಬೀಗ ತೆಗೆದವರು ಯಾರು?"

"ನಾನೇ." ಬೆರಳ ಸಂದಿಯಿಂದ ದನಿ ಬಂತು. "ಅವತ್ತು ಬಂದು ಕೇಳಿದ್ಲು. ಯಾರೋ ಬಂದಿದಾರೆ, ನನ್ನ ಮಂಚ ಅವರಿಗೆ ಬಿಟ್ಕೊಟ್ಟಿದೀನಿ, ಪಾಪ ತುಂಬ ದೂರದಿಂದ ಬಂದು ಸುಸ್ತಾಗಿದಾರೆ, ನಾನೊಂದು ದಿನ ಮೇಲೆ ಮಲಗ್ತೀನಿ, ಕೀಲಿ ಕೊಡಣ್ಣ ಅಂತ. ಅಣ್ಣ ಅಂದ್ಲು ಮೇಡಂ. ಕೊಟ್ಟುಬಿಟ್ಟೆ. ಆ ಮೂಲೆ ಕಡೆ ಹೋಗಬೇಡ ಅಂತ ಹೇಳಬೇಕಾಗಿತ್ತು. ಫೋನ್ ಬಂತು, ಮರೆತೆ."

ಪತ್ತೇದಾರಿಣಿಯ ಎದೆಯೊಳಗೆ ಏನೋ ಸಡಿಲವಾಯಿತು. ಹಾಗಾದರೆ ಹುಡುಗಿ ಸಾಯಲು ತಾರಸಿ ಹತ್ತಿರಲಿಲ್ಲ. ಮಲಗಲು ಹತ್ತಿದ್ದಳು. ಯಾರೋ ಒಬ್ಬ ದಣಿದ ಪ್ರಯಾಣಿಕನಿಗೆ ತನ್ನ ಹಾಸಿಗೆ ಬಿಟ್ಟುಕೊಟ್ಟು, ಅಪ್ಪನ ಅಂಗಿ ತಲೆಯಡಿಗಿಟ್ಟುಕೊಂಡು ಮಲಗಿದ್ದಳು. ಗೊರಕೆ ಹೊಡೆದದ್ದು ಅವಳಲ್ಲ, ಹಾಸಿಗೆ ಮಡಚಿದ್ದೂ ಅವಳಲ್ಲ.

ಆ ಸಮಾಧಾನದ ಬೆನ್ನಿಗೇ ಸಿಟ್ಟು ಉಕ್ಕಿ ಬಂತು.

"ಬೆಳಗ್ಗೆ ಅವಳು ಕೆಳಗೆ ಬಿದ್ದಿರೋದನ್ನ ನೋಡಿದವನು ನೀನು. ಪೊಲೀಸರಿಗೆ ಫೋನ್ ಮಾಡೋಕೆ ಮುಂಚೆ ಮೇಲೆ ಓಡಿದೆ. ಕಂಬಿಗೆ ತಂತಿ ಕಟ್ಟಿದೆ. ರಗ್ಗು, ದಿಂಬು ಎತ್ತಿ ಕಪಾಟಿಗೆ ತುಂಬಿದೆ. ಕಾಲುಚೀಲ ಒಂದು ಕಣ್ಣಿಗೆ ಬೀಳಲಿಲ್ಲ. ಸರಿತಾನೆ?"

"ಹಾಸ್ಟೆಲ್ ಮುಚ್ಚಿಸ್ತಾರೆ ಅಂತ ಹೆದರಿಕೆ ಆಯ್ತು. ನನಗೆ ಇದು ಬಿಟ್ರೆ ಬೇರೆ ಮನೆ ಇಲ್ಲ ಮೇಡಂ."

"ಆ ಹುಡುಗಿ ಅಪ್ಪ ಇಲ್ಲೇ ಎದುರಿಗಿನ ಲಾಡ್ಜಲ್ಲಿ ಒಂದು ವಾರದಿಂದ ಕೂತಿದಾನೆ. ಮನೇಲಿ ಅವಳ ಅಮ್ಮ ಅನ್ನ ನೀರು ಬಿಟ್ಟು, ನನ್ನ ಮಗಳು ಯಾಕೆ ಸಾಯೋಕೆ ಹೋದ್ಲು, ನಾನೇನು ಕಮ್ಮಿ ಮಾಡಿದ್ದೆ ಅಂತ ಗೋಡೆ ಕೇಳ್ತಿದಾಳೆ. ಅದನ್ನ ನೋಡ್ಕೊಂಡು ನೀನು ಇಲ್ಲಿ ಹಾಲು ಕಾಯಿಸ್ತಾ ಇದೀಯ!"

ಅವನು ಬಿಕ್ಕಿಬಿಕ್ಕಿ ಅತ್ತ. ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಯಾರೂ ಏಳಲಿಲ್ಲ. ಸೀದ ವಾಸನೆ ಕೋಣೆಯೆಲ್ಲ ತುಂಬಿದ ಮೇಲೆ ಪತ್ತೇದಾರಿಣಿಯೇ ಎದ್ದು ಒಲೆ ಆರಿಸಿದಳು.

"ಮಂಚ ಯಾರಿಗೆ ಕೊಟ್ಟಿದ್ಲು?"

"ಗೊತ್ತಿಲ್ಲ, ನಾನು ನೋಡಲಿಲ್ಲ. ಬಾಗಿಲ ಬೀಗದ ನಂಬರು ಒಳಗಿರೋರು ಯಾರಾದ್ರೂ ಹೇಳಿದ್ರೆ ಸಾಕು, ಒತ್ತಿ ಒಳಗೆ ಬರಬಹುದು. ಅವಳು ಹೀಗೆ ದಾರೀಲಿ ಸಿಕ್ಕವರನ್ನೆಲ್ಲ ಕರ್ಕೊಂಡು ಬರೋಳು."

"ಬೆಳಗ್ಗೆ ಏನು ಕೇಳಿಸ್ತು? ಎಲ್ಲ ಹೇಳು. ಇನ್ನೊಂದು ಸುಳ್ಳು ಬಂದ್ರೆ ನಾನು ಒಳ್ಳೆಯವಳಾಗಿರಲ್ಲ."

ಮ್ಯಾನೇಜರ್ ಮುಖ ಒರೆಸಿಕೊಂಡ. "ನಾನು ಮಲಗೋದು ಮೆಟ್ಟಿಲ ಕೆಳಗಿನ ಕೋಣೇಲಿ. ಬೆಳಕು ಹರೀತಾ ಇತ್ತು. ಮಂಪರಲ್ಲಿದ್ದೆ. ಯಾರೋ ತಾರಸಿ ಮೆಟ್ಟಿಲಿಂದ ಇಳಿದು ಬಂದ್ರು. ಶೂ ಹಾಕ್ಕೊಂಡು."

"ಶೂ?"

"ಅದಕ್ಕೇ ಎಚ್ಚರ ಆಗಿದ್ದು. ಇಲ್ಲಿ ಎಲ್ಲರೂ ಬಾಗಿಲಲ್ಲೇ ಶೂ ಬಿಡ್ತಾರೆ. ಎರಡನೇ ದಿನಕ್ಕೆ ಯಾರಿಗೂ ಹೇಳಿಕೊಡೋದೇ ಬೇಡ. ಇವರು ಹೊಸಬರು, ಟಕ್ ಟಕ್ ಅಂತ ಇಳಿದು ಹೋದ್ರು. ಹಿತ್ತಲಲ್ಲಿ ಅವಳು ಬಿದ್ದ ಶಬ್ದಾನೂ ಅದೇ ಹೊತ್ತಿಗೆ."

"ಅದೇ ಹೊತ್ತು ಅಂದ್ರೆ? ಮೊದಲು ಹೆಜ್ಜೆಯಾ, ಮೊದಲು ಶಬ್ದಾನಾ?"

ಅವನು ಅಂಗೈಯಿಂದ ಹಣೆ ಉಜ್ಜಿಕೊಂಡ.

"ಒಂದು ವಾರದಿಂದ ಅದನ್ನೇ ಕೇಳ್ಕೋತಿದೀನಿ ಮೇಡಂ. ನೆನಪಾಗ್ತಿಲ್ಲ."

* * *

ಕಿಟಕಿಯವಳು ಬ್ಯಾಗು ಬೆನ್ನಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಪತ್ತೇದಾರಿಣಿ ಅವಳ ಕೆನ್ನೆ ತಟ್ಟಿದಳು.

"ನೀನು ಸಾಕ್ಸ್ ಎಸೆದಿದ್ದು ಅವಳಿಗಲ್ಲ ಕಣಮ್ಮ. ಅವಳು ಆ ಮಂಚದಲ್ಲಿ ಇರಲೇ ಇಲ್ಲ. ಅಳಬೇಡ, ಹೋಗು."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬ್ಯಾಗಿನ ಸಮೇತ ಪತ್ತೇದಾರಿಣಿಯನ್ನು ಅಪ್ಪಿಕೊಂಡಳು. ಬ್ಯಾಗಿನ ಭಾರಕ್ಕೆ ಇಬ್ಬರೂ ಗೋಡೆಗೆ ಹೋಗಿ ಒರಗಿದರು. ಆಮೇಲೆ ಅವಳು ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಇನ್ನು ಈ ಜನ್ಮದಲ್ಲಿ ಇವಳನ್ನು ಕಾಣುವುದಿಲ್ಲ ಎಂದು ಪತ್ತೇದಾರಿಣಿಗೆ ಗೊತ್ತಿತ್ತು. ಇಂಥ ಜಾಗದಲ್ಲಿ ಮನುಷ್ಯರು ಹೀಗೇ, ಹತ್ತಿರವಾಗುವುದಕ್ಕೆ ಒಂದು ಸಂಜೆ ಸಾಕು, ಕಳೆದುಹೋಗುವುದಕ್ಕೆ ಒಂದು ಬಸ್ಸು ಸಾಕು.

ಅಂಗಿಯ ದಿಂಬನ್ನು ಕಂಕುಳಲ್ಲಿ ಅವಚಿಕೊಂಡು ಅವಳು ರಸ್ತೆ ದಾಟಿದಳು. ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಆ ಲಾಡ್ಜು. ಮೆಟ್ಟಿಲು ಹತ್ತುವಾಗ ಮಂಡಿ ಕಿರ್ರೆಂದಿತು, ಇವತ್ತು ಅದರ ಮಾತನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಕೆಲಸದಲ್ಲಿ ಬಾಗಿಲು ತಟ್ಟಿ ಒಳ್ಳೆಯ ಸುದ್ದಿ ಹೇಳುವ ಭಾಗ್ಯ ಎಷ್ಟು ಸಲ ಸಿಗುತ್ತದೆ? ಸತ್ತವಳು ವಾಪಸ್ಸು ಬರುವುದಿಲ್ಲ, ನಿಜ. ಆದರೆ ಆಕೆ ತಾನಾಗಿ ಹೋಗಲಿಲ್ಲ ಎಂಬ ಮಾತೊಂದನ್ನು ಹಿಡಿದುಕೊಂಡು ಒಬ್ಬ ತಾಯಿ ಮತ್ತೆ ಊಟಕ್ಕೆ ಕೂರಬಹುದು.

ಅಪ್ಪ ಕುರ್ಚಿಯಲ್ಲಿ ಕುಳಿತಿದ್ದ. ಎಲ್ಲಿಗೂ ಹೋಗುವುದಿಲ್ಲದಿದ್ದರೂ ಶೂ ಹಾಕಿ ಲೇಸು ಬಿಗಿದಿದ್ದ. ಕೇಸು ಒಪ್ಪಿಸಿದ ದಿನವೂ ಹೀಗೇ ಶೂ ಬಿಗಿದು ಮಂಚದ ಮೇಲೆ ಕುಳಿತಿದ್ದ. "ಈ ಊರಿನ ಮುಖ ನೋಡಿದ್ದೇ ಪೊಲೀಸರ ಫೋನ್ ಬಂದಮೇಲೆ ಮೇಡಂ. ನನಗೆ ಯಾರ ಮೇಲೂ ಅನುಮಾನ ಇಲ್ಲ. ಅವಳಾಗಿ ಅವಳೇ ಹೋದ್ಲಾ, ಇಲ್ವಾ, ಅಷ್ಟು ಹೇಳಿಬಿಡಿ. ಅದು ಗೊತ್ತಾಗದೆ ನಾನು ಮನೆಗೆ ಹೋಗಿ ಅವರಮ್ಮನ ಮುಖ ನೋಡಲಾರೆ" ಎಂದಿದ್ದ. ಆಮೇಲೆ ಅವಳು ಬಂದಾಗಲೆಲ್ಲ ಅವನ ಕಣ್ಣಲ್ಲಿ ಆ ಒಂದೇ ಪ್ರಶ್ನೆ.

ಅವಳು ಪೀಠಿಕೆ ಹಾಕಲಿಲ್ಲ. ಅಂಗಿಯನ್ನು ಅವನ ತೊಡೆಯ ಮೇಲಿಟ್ಟಳು.

"ನಿಮ್ಮ ಮಗಳು ಸಾಯೋಕೆ ಹೋಗಿರಲಿಲ್ಲ."

ಅವಳು ಒಂದೊಂದಾಗಿ ಹೇಳಿದಳು. ಸಡಿಲ ಕಂಬಿ, ಹೊಸ ತಂತಿ, ಮ್ಯಾನೇಜರ್ ಬಚ್ಚಿಟ್ಟ ರಗ್ಗು. ಹಳದಿ ಕಾಲುಚೀಲವನ್ನು ಅವನ ಕೈಗೆ ಕೊಟ್ಟಳು. "ನಾಳೆ ಹಾಕ್ಕೊಳ್ಳೋಕೆ ಅಂತ ಒಗೆದು ಹಾಕಿದ್ಲು. ಅವಳಿಗೆ ನಾಳೆ ಬೇಕಾಗಿತ್ತು."

ಅಂಗಿಯ ಜೇಬಿನ ಗುಂಡಿಯನ್ನು ಅವನ ಒರಟು ಬೆರಳು ಬಹಳ ಹೊತ್ತು ತಡವಿ ಬಿಚ್ಚಿತು. ಒಳಗೆ ಕಿವಿಗೆ ಇಟ್ಟುಕೊಳ್ಳುವ ಹತ್ತಿಯ ಉಂಡೆಗಳು, ಅವಳ ಲಾಕರಿನ ಪುಟ್ಟ ಕೀಲಿ, ಅರ್ಧ ತಿಂದು ಸುತ್ತಿಟ್ಟ ಚಾಕೊಲೇಟು. ಅವನು ಚಾಕೊಲೇಟನ್ನು ನೋಡಿದ. ಆಗ ಅವನ ಬಾಯಿಂದ ಹೊರಟದ್ದು ಅಳುವಿನ ಹಾಗಿರಲಿಲ್ಲ, ಭಾರ ಹೊತ್ತವನು ಹೊರೆ ಇಳಿಸುವಾಗ ಬಿಡುವ ಉಸಿರಿನ ಹಾಗಿತ್ತು. ಅಂಗಿಗೆ ಮುಖವೊತ್ತಿಕೊಂಡು ಮಗುವಿನಂತೆ ಅತ್ತ.

ಪತ್ತೇದಾರಿಣಿ ಕಿಟಕಿಯ ಕಡೆ ತಿರುಗಿ ನಿಂತಳು. ಅವಳ ಕಣ್ಣೂ ಒದ್ದೆಯಾಗಿತ್ತು, ಅದನ್ನು ಯಾರಿಗೂ ತೋರಿಸುವ ಹೆಂಗಸಲ್ಲ ಅವಳು.

"ಅವರಮ್ಮಂಗೆ ಹೇಳಬಹುದಾ ಮೇಡಂ? ಇವತ್ತೇ ಹೇಳಬಹುದಾ?"

"ಧಾರಾಳವಾಗಿ ಹೇಳಿ. ಇನ್ನೊಂದು ಕೆಲಸ ಮಾತ್ರ ಬಾಕಿ ಇದೆ. ಅವಳು ಮಂಚ ಬಿಟ್ಟುಕೊಟ್ಟಳಲ್ಲ, ಆ ಮನುಷ್ಯ ಯಾರು, ಬೆಳಗ್ಗೆ ಅವಳ ಹತ್ತಿರ ತಾರಸಿಗೆ ಯಾಕೆ ಹೋಗಿದ್ದ, ಅದು ಗೊತ್ತಾಗಬೇಕು."

ಹೇಳುತ್ತ ಅವಳು ಈ ಕಡೆ ತಿರುಗಿದಳು. ತಿರುಗಿದವಳ ಕಣ್ಣು ಅವನ ಹಿಂದಿನ ಮಂಚದ ಮೇಲೆ ಬಿತ್ತು. ಇದುವರೆಗೆ ಬಂದಾಗಲೆಲ್ಲ ಅವನು ಆ ಮಂಚದ ಮೇಲೇ ಕುಳಿತಿರುತ್ತಿದ್ದ, ಇಲ್ಲವೇ ಹೊದ್ದು ಮಲಗಿರುತ್ತಿದ್ದ. ಇವತ್ತು ಎದ್ದು ಕುರ್ಚಿಗೆ ಬಂದಿದ್ದ.

ಬೆಡ್‌ಶೀಟು ಅಗಲವಾದ ಪಟ್ಟಿಯಂತೆ ಮಡಚಿ ಕಾಲಿನ ಕಡೆ ಅಡ್ಡಲಾಗಿ ಇತ್ತು. ಅದರ ಮೇಲೆ ಬಿಗಿಯಾಗಿ ಸುತ್ತಿದ ಹೊದಿಕೆ. ತಲೆಯ ಕಡೆ, ಗೋಡೆಗೆ ಒರಗಿ, ನೆಟ್ಟಗೆ ನಿಂತ ದಿಂಬು.

ದನಿಯಲ್ಲಿ ಅವಳು ಏನೂ ತೋರಗೊಡಲಿಲ್ಲ.

"ಹಾಸಿಗೆ ಚೆನ್ನಾಗಿ ಮಡಚಿದೀರ."

ಅಪ್ಪ ಕಣ್ಣೊರೆಸಿಕೊಂಡು ಹಿಂತಿರುಗಿ ನೋಡಿದ. ಅಷ್ಟು ಹಗುರಾದ ಅವನ ಮುಖವನ್ನು ಅವಳು ಇದುವರೆಗೆ ನೋಡಿರಲಿಲ್ಲ.

"ಡಿಪೋ ಅಭ್ಯಾಸ ಮೇಡಂ. ನಮ್ಮ ಡ್ರೈವರುಗಳು ತಂಗೋ ಕೋಣೇಲಿ ಒಬ್ಬ ಎದ್ದ ಮಂಚಕ್ಕೆ ಇನ್ನೊಬ್ಬ ಬೀಳೋದು. ದಿಂಬು ನಿಂತಿದ್ರೆ ಮಂಚ ಖಾಲಿ, ಮಲಗಿದ್ರೆ ಯಾರೋ ಬರ್ತಾರೆ ಅಂತ ಅರ್ಥ. ಕತ್ತಲಲ್ಲೂ ಬಾಗಿಲಿಂದಲೇ ಗೊತ್ತಾಗುತ್ತಲ್ಲ. ನಮ್ಮ ಡಿಪೋದವರು ಬಿಟ್ರೆ ಬೇರೆ ಯಾರೂ ಹೀಗೆ ಮಾಡಲ್ಲ. ರಿಟೈರಾದ್ರೂ ಕೈ ಕೇಳಲ್ಲ, ಎಲ್ಲೇ ಮಲಗಿ ಎದ್ರೂ ತಾನಾಗೇ ಮಡಚಿಬಿಡುತ್ತೆ."

ಪತ್ತೇದಾರಿಣಿಗೆ ಇನ್ನೊಂದೇ ಒಂದು ಆಸೆ ಉಳಿದಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡವಳಂತೆ ಕೇಳಿದಳು.

"ಮಗಳಿಗೂ ಕಲಿಸಿದ್ರಾ?"

"ನಮ್ಮ ಬಿರುಗಾಳಿಗಾ?" ಅಪ್ಪ ಕಣ್ಣೀರಿನಲ್ಲೇ ನಕ್ಕುಬಿಟ್ಟ. "ತಲೆ ಚಚ್ಚಿಕೊಂಡು ಹೇಳಿದೆ ಮೇಡಂ, ಕಲೀಲೇ ಇಲ್ಲ. ಹುಟ್ಟಿದಾಗಿನಿಂದ ಒಂದು ದಿನ ಹಾಸಿಗೆ ಮಡಚಿದವಳಲ್ಲ ಅವಳು."

ಪತ್ತೇದಾರಿಣಿಯ ದೃಷ್ಟಿ ದಿಂಬಿನಿಂದ ಅವನ ಶೂಗಳಿಗೆ ಇಳಿಯಿತು.

ಅವನೂ ಅವಳ ದೃಷ್ಟಿಯನ್ನೇ ಹಿಂಬಾಲಿಸಿದ. ನಗು ಮುಖದ ಮೇಲೆ ಇನ್ನೂ ಇದ್ದಂತೆಯೇ ಕಣ್ಣಿನಲ್ಲಿ ಆರಿಹೋಯಿತು. ಒಂದು ಕೈ ಮಗಳು ದಿಂಬು ಮಾಡಿಕೊಂಡ ಅಂಗಿಯನ್ನು ಎದೆಗೆ ಒತ್ತಿಕೊಂಡಿತ್ತು. ಇನ್ನೊಂದು ಕೈ ಮೆಲ್ಲಗೆ ಹಿಂದಕ್ಕೆ ಸರಿದು, ನಿಂತ ದಿಂಬನ್ನು ಮಂಚದ ಮೇಲೆ ಮಲಗಿಸಿತು.